ನೋಂಬಿನ ತಿಂಗಳಲ್ಲಿ ಕೆಲಸ ಮತ್ತು ನಿದ್ದೆ: ಇಪ್ಪತ್ತನಾಲ್ಕು ಗಂಟೆಯ ಲೆಕ್ಕ

ರಮಝಾನ್ ಶುರುವಾಗಿ ಐದಾರು ದಿನ ಕಳೆಯಲಿ, ಉಪ್ಪಳ, ಕುಂಬಳೆ, ಹೊಸಂಗಡಿ ಪೇಟೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಯಾವ ಅಂಗಡಿಗೆ ಹೋದರೂ ಗಲ್ಲಾದ ಮೇಲೆ ತಲೆ ಇಟ್ಟು ತೂಕಡಿಸುವ ಒಬ್ಬರಾದರೂ ಸಿಗುತ್ತಾರೆ. ಕೇಳಿದರೆ "ನೋಂಬು ಅಲ್ವಾ, ಸುಸ್ತು" ಅನ್ನುತ್ತಾರೆ. ಪಾಪ, ಎಲ್ಲ ಅಪವಾದ ನೋಂಬಿನ ತಲೆಗೆ! ಆ ಸುಸ್ತಿನಲ್ಲಿ ಹಸಿವಿನ ಪಾಲು ಕಡಿಮೆ, ನಿದ್ದೆಗೇಡಿನ ಪಾಲು ಹೆಚ್ಚು. ಹಸಿವನ್ನು ಇಫ್ತಾರ್ ತೀರಿಸುತ್ತದೆ. ನಿದ್ದೆಯ ಬಾಕಿಯನ್ನು ಯಾರು ತೀರಿಸುವುದು? ಅದು ದಿನಕ್ಕೆ ಒಂದು ಗಂಟೆ, ಒಂದೂವರೆ ಗಂಟೆ ಅಂತ ಏರುತ್ತಾ ಹೋಗಿ, ಕೊನೆಯ ಹತ್ತು ದಿನ ಬರುವಷ್ಟರಲ್ಲಿ ದೊಡ್ಡ ಮೊತ್ತವಾಗಿರುತ್ತದೆ. ಇಬಾದತ್ತೂ ವ್ಯಾಪಾರವೂ ಒಟ್ಟಿಗೆ ಬಿಗಿಯಾಗುವುದು ಆಗಲೇ.

ಇದು ಊಹೆಯ ಮಾತಲ್ಲ. ರಮಝಾನ್‌ನಲ್ಲಿ ನಿದ್ದೆ ಏನಾಗುತ್ತದೆ ಎಂಬ ಬಗ್ಗೆ ಮುಸ್ಲಿಂ ದೇಶಗಳಲ್ಲಿ ತುಂಬಾ ಅಧ್ಯಯನಗಳು ನಡೆದಿವೆ. ಅವುಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಲೆಕ್ಕದ ಪ್ರಕಾರ, ಸರಾಸರಿ ನಿದ್ದೆ 7.2 ಗಂಟೆಯಿಂದ 6.4 ಗಂಟೆಗೆ ಇಳಿಯುತ್ತದೆ. ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯದ ನಿದ್ರಾ ತಜ್ಞ ಅಹ್ಮದ್ ಬಾಹಮ್ಮಾಮ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮಲಗುವ, ಏಳುವ ಸಮಯವನ್ನು ಸರಿಯಾಗಿ ಕಾಯ್ದುಕೊಂಡವರಲ್ಲಿ ಉಪವಾಸ ಮಾತ್ರದಿಂದ ನಿದ್ದೆ ಹೆಚ್ಚೇನೂ ಕೆಡುವುದಿಲ್ಲ ಎಂಬುದು ಅವರ ಕೆಲಸದಿಂದ ತಿಳಿದ ಮುಖ್ಯ ವಿಷಯ. ಕೆಡಿಸುವುದು ತಡರಾತ್ರಿಯ ಊಟ, ತಡರಾತ್ರಿಯ ಬೆಳಕು, ತಡರಾತ್ರಿಯ ಪೇಟೆ ಸುತ್ತಾಟ.

ನಮ್ಮೂರಿನ ನೋಂಬು ಎಷ್ಟು ಉದ್ದ?

ಮೊದಲು ಇದನ್ನು ಸರಿಯಾಗಿ ತಿಳಿಯೋಣ. ಕಾಸರಗೋಡು, ಮಂಜೇಶ್ವರ, ಮಂಗಳೂರು ಎಲ್ಲ ಭೂಮಧ್ಯ ರೇಖೆಯಿಂದ ಸುಮಾರು ಹನ್ನೆರಡೂವರೆ, ಹದಿಮೂರು ಡಿಗ್ರಿ ಉತ್ತರಕ್ಕಿವೆ. ಹಾಗಾಗಿ ಇಲ್ಲಿ ಹಗಲು ರಾತ್ರಿಗಳಲ್ಲಿ ದೊಡ್ಡ ಏರುಪೇರಿಲ್ಲ. ಡಿಸೆಂಬರಿನಲ್ಲಿ ರಮಝಾನ್ ಬಂದರೆ ಸುಬ್‌ಹಿಯಿಂದ ಮಗ್ರಿಬ್‌ವರೆಗೆ ಸುಮಾರು 12 ಗಂಟೆ 40 ನಿಮಿಷ, ಜೂನಿನಲ್ಲಿ ಬಂದರೆ ಸುಮಾರು 14 ಗಂಟೆ 10 ನಿಮಿಷ. ಇಷ್ಟೇ ವ್ಯತ್ಯಾಸ. ಜೂನಿನಲ್ಲಿ ಲಂಡನ್‌ನಲ್ಲಿ ನೋಂಬು ಹಿಡಿಯುವವರಿಗೆ ಅದು 18 ಗಂಟೆ ದಾಟುತ್ತದೆ.

ಚಾಂದ್ರಮಾನ ವರ್ಷ 354 ಅಥವಾ 355 ದಿನದ್ದಾದ್ದರಿಂದ ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಫೆಬ್ರವರಿ, ಮಾರ್ಚ್ ತಿಂಗಳ ಹತ್ತಿರ ಬರುತ್ತಿದೆ. ಹೀಗೇ ಸರಿಯುತ್ತಾ 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ರಮಝಾನ್ ಬರಲಿಕ್ಕುಂಟು. ಅಂದರೆ ಮುಂದಿನ ಕೆಲವು ವರ್ಷ ನಮಗೆ ಸಿಗುವುದು ವರ್ಷದ ಗಿಡ್ಡ ನೋಂಬುಗಳು. ಫೆಬ್ರವರಿ ಕೊನೆಯ ವಾರದಲ್ಲಿ ಕಾಸರಗೋಡಿನ ಕಡೆ ಸುಬ್‌ಹಿ ಸುಮಾರು 5:35ಕ್ಕೆ, ಮಗ್ರಿಬ್ ಸುಮಾರು 6:38ಕ್ಕೆ. ಸರಿಯಾಗಿ ಹದಿಮೂರು ಗಂಟೆ. ಇನ್ನುಳಿದ ಹನ್ನೊಂದು ಗಂಟೆಯಲ್ಲಿ ನಮಾಝ್, ಎರಡು ಊಟ, ಮನೆಯವರ ಜೊತೆ ಮಾತುಕತೆ, ನಿದ್ದೆ ಎಲ್ಲ ಹಿಡಿಸಬೇಕು. ಹಗಲಿನ ಹದಿಮೂರು ಗಂಟೆ ನಮ್ಮ ಕೈಯಲ್ಲಿಲ್ಲ. ರಾತ್ರಿಯ ಹನ್ನೊಂದು ಗಂಟೆ ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಉಂಟು.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ವೈದ್ಯರು ಒಪ್ಪಿದ ಲೆಕ್ಕ. ಈ ಏಳು ಗಂಟೆ ಒಂದೇ ಕಂತಿನಲ್ಲಿ ಬರಬೇಕು ಅಂತ ಹಠ ಹಿಡಿದರೆ ರಮಝಾನ್‌ನಲ್ಲಿ ಆಗುವ ಕೆಲಸ ಅಲ್ಲ. ಎರಡು ಕಂತು, ಬೇಕಾದರೆ ಮೂರು ಕಂತು ಮಾಡಬಹುದು. ಆದರೆ ಒಂದು ಕಂತಾದರೂ ದೊಡ್ಡದಿರಬೇಕು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ಮೈಯ ದಣಿವು ಆರುವುದು ಅಲ್ಲಿ. ಬೆಳಗಿನ ಜಾವದ ಕಡೆ ಕನಸಿನ ನಿದ್ದೆ ಹೆಚ್ಚು, ಅದು ನೆನಪಿಗೂ ಮನಸ್ಸಿನ ಸಮಾಧಾನಕ್ಕೂ ಬೇಕು. ಸಹರಿಗೆ ಏಳುವಾಗ ಕತ್ತರಿ ಬೀಳುವುದು ಈ ಎರಡನೇ ಭಾಗಕ್ಕೆ. ರಮಝಾನ್‌ನಲ್ಲಿ ಮೈ ಚೆನ್ನಾಗಿಯೇ ಇದ್ದು, ಸಂಜೆ ಹೊತ್ತಿಗೆ ಸಣ್ಣ ವಿಷಯಕ್ಕೂ ಗಿರಾಕಿಯ ಮೇಲೆ, ಮಕ್ಕಳ ಮೇಲೆ ರೇಗುವವರನ್ನು ನೋಡಿದ್ದೀರಲ್ಲ? ಹಸಿವಿನ ಜೊತೆ ಇದೂ ಒಂದು ಕಾರಣ.

ಮೂವರ ದಿನಚರಿ

ಎಲ್ಲರಿಗೂ ಒಂದೇ ವೇಳಾಪಟ್ಟಿ ಬರೆದುಕೊಟ್ಟರೆ ಅದು ಗೋಡೆಗೆ ಅಂಟಿಸಲಿಕ್ಕೆ ಮಾತ್ರ ಆದೀತು. ಕೆಲಸ ಬೇರೆ ಬೇರೆ, ಲೆಕ್ಕವೂ ಬೇರೆ ಬೇರೆ.

ಅಂಗಡಿಯವರಿಂದ ಶುರು ಮಾಡೋಣ. ತರಾವೀಹ್ ಮುಗಿಯುವಾಗ ಒಂಬತ್ತು ಕಾಲು, ಒಂಬತ್ತೂವರೆ. ಮೊದಲ ಇಪ್ಪತ್ತು ದಿನ ಹತ್ತು ಗಂಟೆಗೆ ಶಟರ್ ಎಳೆದು ಮನೆಗೆ ಬಂದರೆ ಹನ್ನೊಂದಕ್ಕೆ ಮಲಗಬಹುದು. 4:40ಕ್ಕೆ ಎದ್ದರೆ 5 ಗಂಟೆ 40 ನಿಮಿಷ ಆಯಿತು. ಸುಬ್‌ಹಿ ಜಮಾಅತ್ ಮುಗಿಸಿ 6:15ರಿಂದ 7:45ರವರೆಗೆ ಇನ್ನೊಂದು ಸುತ್ತು ಮಲಗಿದರೆ ಒಟ್ಟು 7 ಗಂಟೆ 10 ನಿಮಿಷ. ಅಂಗಡಿ ತೆರೆಯುವುದು ಒಂಬತ್ತೂವರೆಗೆ ತಾನೇ, ಸಾಕಷ್ಟು ಸಮಯ ಉಂಟು. ಆದ್ದರಿಂದ ವ್ಯಾಪಾರಿಗೆ ನಿದ್ದೆ ಸಾಲುವುದಿಲ್ಲ ಎಂಬ ದೂರಿನಲ್ಲಿ ನನಗೆ ಅರ್ಧ ಮಾತ್ರ ನಂಬಿಕೆ. ಹತ್ತು ಗಂಟೆಗೆ ಬಾಗಿಲು ಹಾಕಿ ಹನ್ನೆರಡೂವರೆಯವರೆಗೆ ಅದೇ ಬಾಗಿಲ ಎದುರು ಕುರ್ಚಿ ಹಾಕಿ ಕೂತರೆ ಅದು ವ್ಯಾಪಾರದ ಖಾತೆಗೆ ಬರುವ ಸಮಯ ಅಲ್ಲ ಮಾರಾಯ್ರೆ.

ಎರಡನೆಯವರು ಬೆಳಗಿನ ರೈಲಿಗೋ ಬಸ್ಸಿಗೋ ಮಂಗಳೂರಿಗೆ ಹೋಗಿ ದುಡಿಯುವವರು. ಆಫೀಸು, ಆಸ್ಪತ್ರೆ, ಶೋರೂಮು, ಕಾಲೇಜು ಹೀಗೆ. ಇವರಿಗೆ ಸುಬ್‌ಹಿ ನಂತರದ ಎರಡನೇ ಕಂತು ಸಿಗುವುದಿಲ್ಲ. ಹಾಗಾದರೆ ಇವರ ಮೊದಲ ಕಂತು ಬೇಗ ಶುರುವಾಗಲೇಬೇಕು. ತರಾವೀಹ್ ಮುಗಿಸಿ ನೇರ ಮನೆಗೆ ಬಂದು ಹತ್ತಕ್ಕೆ ದೀಪ ಆರಿಸಿದರೆ 4:40ರವರೆಗೆ 6 ಗಂಟೆ 40 ನಿಮಿಷ. ಮಧ್ಯಾಹ್ನ ಳುಹರ್ ನಂತರ ಇಪ್ಪತ್ತು ನಿಮಿಷ ಒರಗಿದರೆ ಏಳು ಗಂಟೆ ತುಂಬಿತು. ಉಳಿದವರು ಊಟಕ್ಕೆ ಹೋಗುವ ಹೊತ್ತಿನಲ್ಲಿ ನಮಗೆ ಊಟ ಇಲ್ಲ, ಆ ಅರ್ಧ ಗಂಟೆ ಇಡೀ ನಮ್ಮದೇ. ಅದನ್ನು ಮೊಬೈಲ್ ತಿಕ್ಕುವುದರಲ್ಲಿ ಕಳೆಯುವ ಬದಲು ಕಣ್ಣು ಮುಚ್ಚಬಹುದು.

ಮೂರನೆಯವರು ಮೀನಿನ ವ್ಯಾಪಾರದವರು. ಮಂಗಳೂರಿನ ಧಕ್ಕೆಗೆ ಬೆಳಕು ಹರಿಯುವ ಮೊದಲೇ ಹೋಗಿ ಮಾಲು ಹಿಡಿಯಬೇಕು. ನಮ್ಮ ಸಮುದಾಯದಲ್ಲಿ ಇವರ ಸಂಖ್ಯೆ ಸಣ್ಣದಲ್ಲ, ಆದರೆ ನೋಂಬಿನ ಸಲಹೆ ಬರೆಯುವವರು ಇವರನ್ನು ಮರೆಯುವುದೇ ಹೆಚ್ಚು. ಮೂರು ಗಂಟೆಗೆ ಏಳುವವನಿಗೆ "ಬೇಗ ಮಲಗಿ" ಎಂಬ ಮಾತು ತರಾವೀಹ್ ಎದುರು ಸೋಲುತ್ತದೆ. ಒಂಬತ್ತೂವರೆಗೆ ಮಲಗಿದರೂ ಐದೂವರೆ ಗಂಟೆಯೇ. ಇವರ ಎರಡನೇ ಕಂತು ಹಗಲಿನಲ್ಲಿರಬೇಕು. ಮಾಲು ಮುಗಿಸಿ ಹನ್ನೊಂದಕ್ಕೆ ಮನೆ ಸೇರಿದರೆ ಮೀಯುವುದು ಮುಗಿಸಿ ಳುಹರ್‌ಗೆ ಮೊದಲೋ ನಂತರವೋ ಪೂರ್ತಿ ಒಂದೂವರೆ ಗಂಟೆ, ಕೋಣೆ ಕತ್ತಲೆ ಮಾಡಿ ಮಲಗಬೇಕು. ಮನೆಯವರು ಆ ಹೊತ್ತಿಗೆ ಮಿಕ್ಸಿ ಹಾಕಬಾರದು, ಅಷ್ಟೇ. ಸಹರಿಯನ್ನು ಕಟ್ಟಿಕೊಂಡು ಹೋಗಿ ಧಕ್ಕೆಯಲ್ಲೇ ಬಾಂಗ್‌ಗೆ ಮೊದಲು ಮುಗಿಸುವುದು ಮೂರು ಗಂಟೆಗೇ ಉಂಡು ಹೊರಡುವುದಕ್ಕಿಂತ ಒಳ್ಳೆಯದು.

ಸಹರಿಯನ್ನು ತಡವಾಗಿ ಮಾಡುವುದು ಸುನ್ನತ್ ಎಂಬುದು ಇಲ್ಲಿ ನೆನಪಾಗಬೇಕು. ಪ್ರವಾದಿಯವರ ಸಹರಿಗೂ ನಮಾಝಿಗೂ ನಡುವೆ ಸುಮಾರು ಐವತ್ತು ಆಯತ್ ಓದುವಷ್ಟು ಅಂತರವಿತ್ತು ಎಂದು ಝೈದ್ ಬಿನ್ ಸಾಬಿತ್ ಹೇಳಿದ ವರದಿ ಬುಖಾರಿಯಲ್ಲಿದೆ. ಕೆಲವರು ಹನ್ನೆರಡೂವರೆ, ಒಂದು ಗಂಟೆಗೆ ಹೊಟ್ಟೆ ತುಂಬ ಬಿರಿಯಾನಿ ತಿಂದು ಅದನ್ನೇ ಸಹರಿ ಅಂತ ಲೆಕ್ಕ ಹಿಡಿದು ಮಲಗುತ್ತಾರೆ. ಸುನ್ನತ್ತೂ ತಪ್ಪಿತು, ನಿದ್ದೆಯೂ ಕೆಟ್ಟಿತು, ಮರುದಿನ ಹತ್ತು ಗಂಟೆಗೇ ಬಾಯಾರಿಕೆ. ಹಾಗೆ ಮಲಗಿದವರಲ್ಲಿ ಸುಬ್‌ಹಿ ಎಷ್ಟು ಜನಕ್ಕೆ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಇನ್ನು ಶಾಫಿಈ ಮದ್ಹಬ್‌ನಲ್ಲಿ ಫರ್ಳ್ ನೋಂಬಿನ ನಿಯ್ಯತ್ ಆಯಾ ರಾತ್ರಿಯೇ ಆಗಿರಬೇಕು. ತರಾವೀಹ್ ಮುಗಿದ ಮೇಲೆ ಉಸ್ತಾದರು ಹೇಳಿಕೊಡುವ ನಿಯ್ಯತ್ ಇಟ್ಟುಕೊಂಡಿದ್ದರೆ, ಸಹರಿಗೆ ಎಚ್ಚರವಾಗದೆ ಹೋದರೂ ನೋಂಬಿಗೆ ತೊಂದರೆ ಇಲ್ಲ.

ಕೈಲೂಲ

ಮಧ್ಯಾಹ್ನದ ಸಣ್ಣ ನಿದ್ದೆಗೆ ನಮ್ಮಲ್ಲಿ ಹೆಸರೇ ಉಂಟು, ಕೈಲೂಲ. ಪ್ರವಾದಿಯವರ ಕಾಲದಲ್ಲಿ ಸಹಾಬಿಗಳು ಶುಕ್ರವಾರದಂದು ಜುಮಾ ನಂತರ ಕೈಲೂಲ ಮಾಡುತ್ತಿದ್ದರು ಎಂಬ ವರದಿ ಇದೆ. ಇವತ್ತಿನ ನಿದ್ರಾ ವಿಜ್ಞಾನವೂ ಇದನ್ನು ಒಪ್ಪುತ್ತದೆ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಮನುಷ್ಯನ ಎಚ್ಚರ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ, ಮಾಡದಿದ್ದರೂ ಇಳಿಯುತ್ತದೆ. ಆ ಹೊತ್ತಿನಲ್ಲಿ ನಿದ್ದೆಯ ವಿರುದ್ಧ ಗುದ್ದಾಡುವುದಕ್ಕಿಂತ ಇಪ್ಪತ್ತು ನಿಮಿಷ ಕೊಟ್ಟುಬಿಡುವುದು ಲಾಭ.

ಅಳತೆ ಮುಖ್ಯ. ಒಂದೋ 20ರಿಂದ 30 ನಿಮಿಷ, ಇಲ್ಲಾಂದ್ರೆ ಪೂರ್ತಿ 90 ನಿಮಿಷ. ನಡುವಿನ ಮುಕ್ಕಾಲು ಗಂಟೆ, ಒಂದು ಗಂಟೆಯ ನಿದ್ದೆಯಲ್ಲಿ ಗಾಢ ನಿದ್ದೆಗೆ ಇಳಿದಾಗಲೇ ಅಲಾರಂ ಹೊಡೆಯುತ್ತದೆ. ಎದ್ದವನಿಗೆ ತಲೆ ಭಾರ, ಬಾಯಿ ಕಹಿ, ಮತ್ತೆ ಅರ್ಧ ಗಂಟೆ ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತದೆ. ಅಸರ್ ನಂತರ ಮಲಗಿ ಮಗ್ರಿಬ್ ಬಾಂಗ್‌ಗೆ ಏಳುವ ಅಭ್ಯಾಸ ನಮ್ಮ ಯುವಕರಲ್ಲಿ ಜಾಸ್ತಿ. ನೋಂಬು ಬೇಗ ಕಳೆಯುತ್ತದೆ ನಿಜ, ಆದರೆ ಆ ದಿನ ರಾತ್ರಿ ಒಂದು ಗಂಟೆಯವರೆಗೆ ನಿದ್ದೆ ಹತ್ತುವುದಿಲ್ಲ. ಬಾಕಿ ನಾಳೆಯ ಪುಟಕ್ಕೆ ಹೋಯಿತು.

ಹಗಲು ಪೂರ್ತಿ ಮಲಗಿದರೆ ನೋಂಬು ಸಿಂಧುವೋ ಎಂದು ಕೇಳುವವರಿದ್ದಾರೆ. ರಾತ್ರಿ ನಿಯ್ಯತ್ ಇಟ್ಟಿದ್ದರೆ ಶಾಫಿಈ ಕರ್ಮಶಾಸ್ತ್ರದ ಪ್ರಕಾರ ನೋಂಬು ಸಿಂಧುವೇ. ಆದರೆ ಳುಹರ್, ಅಸರ್ ತಪ್ಪಿಸಿ ಮಲಗಿದರೆ ಆ ತಪ್ಪು ಬೇರೆಯೇ ಉಂಟಲ್ಲ.

ಮನೆಯೊಳಗಿನ ಲೆಕ್ಕ

ಇಷ್ಟು ಹೊತ್ತು ಗಂಡಸರ ನಿದ್ದೆಯ ವಿಷಯವೇ ಆಯಿತು. ಈಗ ಅಡುಗೆ ಮನೆಯ ಗಡಿಯಾರ ನೋಡಿ. ಸಹರಿಗೆ ಎಲ್ಲರೂ 4:40ಕ್ಕೆ ಎದ್ದರೆ ಉಮ್ಮ ಎದ್ದದ್ದು 3:45ಕ್ಕೆ. ಸುಬ್‌ಹಿ ನಂತರ ಉಳಿದವರು ಮಲಗಿದರೆ ಇವರಿಗೆ ಸಣ್ಣ ಮಕ್ಕಳ ಶಾಲೆ, ತಿಂಡಿ. ನೋಂಬಿಲ್ಲದ ಮಕ್ಕಳಿಗೆ, ವಯಸ್ಸಾದವರಿಗೆ ಮಧ್ಯಾಹ್ನದ ಊಟ. ಮೂರೂವರೆಯಿಂದ ಇಫ್ತಾರಿನ ತಯಾರಿ: ಸಮೋಸ ಮಡಚುವುದು, ಕಟ್ಲೆಟ್, ಪತ್ತಿರ್, ಸಾರು. ಮಗ್ರಿಬ್ ನಂತರ ಪಾತ್ರೆ ರಾಶಿ. ತರಾವೀಹ್ ಮುಗಿಸಿ ಬಂದವರಿಗೆ ಮತ್ತೆ ಊಟ. ಮಲಗುವಾಗ ಹನ್ನೊಂದೂವರೆ. ಹನ್ನೊಂದೂವರೆಯಿಂದ 3:45, ಅಂದರೆ ನಾಲ್ಕು ಕಾಲು ಗಂಟೆ. ಹಗಲು ಹೇಗೋ ಒಂದು ಗಂಟೆ ಸಿಕ್ಕಿದರೂ ಐದೂಕಾಲು. ದಿನಕ್ಕೆ ಎರಡು ಗಂಟೆ ಕೊರತೆ ಅಂತ ಹಿಡಿದರೂ ಮೂವತ್ತು ದಿನಕ್ಕೆ ಅರವತ್ತು ಗಂಟೆ. ಹೊರಗೆ ಕೆಲಸಕ್ಕೂ ಹೋಗುವ ಹೆಂಗಸರಿದ್ದರೆ, ಶಿಕ್ಷಕಿಯರು, ನರ್ಸುಗಳು, ಆ ಲೆಕ್ಕ ನೀವೇ ಹಾಕಿ.

ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳ ರಮಝಾನ್ ನಿದ್ದೆಯ ಸಮಸ್ಯೆಯಲ್ಲಿ ಮುಕ್ಕಾಲು ಪಾಲು ಇದೇ, ಮತ್ತು ಪರಿಹಾರವೂ ಕಷ್ಟದ್ದಲ್ಲ. ಸಹರಿಗೆ ಬೇಕಾದ ಅನ್ನ, ಸಾರು ರಾತ್ರಿಯ ಅಡುಗೆಯ ಜೊತೆಯೇ ಆಗಿ ಫ್ರಿಜ್ಜಿನಲ್ಲಿರಲಿ, ಬೆಳಗ್ಗೆ ಬಿಸಿ ಮಾಡಿದರೆ ಹತ್ತು ನಿಮಿಷದ ಕೆಲಸ. ಸಮೋಸ, ಕಟ್ಲೆಟ್ ವಾರಕ್ಕೊಮ್ಮೆ ಒಟ್ಟಿಗೆ ಮಾಡಿ ಫ್ರೀಝರಿನಲ್ಲಿಡುವ ಮನೆಗಳು ಈಗ ತುಂಬಾ ಉಂಟು. ಅದಕ್ಕಿಂತ ಸುಲಭ, ದಿನಾ ಎಣ್ಣೆ ತಿಂಡಿ ಬೇಕೇ ಬೇಕು ಎಂಬ ಹಠ ಬಿಡುವುದು. ಖರ್ಜೂರ, ಹಣ್ಣು, ಗಂಜಿ ಇದ್ದರೆ ನೋಂಬು ತೊರೆಯಲಿಕ್ಕೆ ಧಾರಾಳ. ಇಫ್ತಾರ್ ನಂತರದ ಪಾತ್ರೆಗಳನ್ನು ಮನೆಯ ಗಂಡು ಹುಡುಗರು ತೊಳೆದರೆ ಇಶಾಗೆ ಮೊದಲು ಮುಗಿಯುತ್ತದೆ. ಪ್ರವಾದಿಯವರು ಮನೆಯಲ್ಲಿದ್ದಾಗ ಮನೆಕೆಲಸದಲ್ಲಿ ನೆರವಾಗುತ್ತಿದ್ದರು ಎಂಬುದನ್ನು ಆಇಶಾ ಅವರೇ ಹೇಳಿದ್ದಾರೆ. ಹೀಗೆ ಮಾಡಿ ನೋಡಿ, ಹನ್ನೊಂದೂವರೆಯ ನಿದ್ದೆ ಹತ್ತೂವರೆಗೆ ಬರುತ್ತದೆ, 3:45ರ ಅಲಾರಂ 4:30ಕ್ಕೆ ಹೋಗುತ್ತದೆ. ಒಂದು ದುಡ್ಡೂ ಖರ್ಚಿಲ್ಲದೆ ಒಂದೂಮುಕ್ಕಾಲು ಗಂಟೆ ಸಿಕ್ಕಿತು.

ಚಹಾ, ಎಣ್ಣೆ, ನೀರು

ಚಹಾ, ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲಿಕ್ಕೆ ಸುಮಾರು ಐದು ಗಂಟೆ ಬೇಕು. ತರಾವೀಹ್ ಮುಗಿಸಿ ಹೋಟೆಲಿನಲ್ಲಿ ಒಂಬತ್ತೂವರೆಗೆ ಕುಡಿದ ಖಡಕ್ ಚಹಾದ ಅರ್ಧ ಪಾಲು ಎರಡೂವರೆಗೂ ಒಳಗೇ ಇರುತ್ತದೆ. ಚಹಾ ಬಿಡಲಿಕ್ಕಾಗದವರು ಮಗ್ರಿಬ್ ಮುಗಿದ ಕೂಡಲೇ ಒಂದು ಲೋಟ ಕುಡಿದು ಮುಗಿಸುವುದು ವಾಸಿ. ಸಹರಿಯ ಚಹಾ ಎರಡನೇ ಕಂತಿನ ನಿದ್ದೆಯನ್ನು ತಿನ್ನುತ್ತದೆ.

ಮೊದಲ ಎರಡು ಮೂರು ನೋಂಬಿಗೆ ಬರುವ ತಲೆನೋವು ಹೆಚ್ಚಿನವರಿಗೆ ಈ ಚಹಾದ್ದೇ. ದಿನಾ ನಾಲ್ಕೈದು ಸಲ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದೆರಡು ದಿನ ಜೋರಾಗಿರುತ್ತದೆ, ಕೆಲವರಿಗೆ ವಾರದವರೆಗೂ ಎಳೆಯುತ್ತದೆ. ಶಅಬಾನ್ ಕೊನೆಯ ಹತ್ತು ದಿನದಲ್ಲಿ ಒಂದೊಂದೇ ಲೋಟ ಕಡಿಮೆ ಮಾಡುತ್ತಾ ಬಂದರೆ ಈ ತೊಂದರೆ ಬರುವುದಿಲ್ಲ. ಬೀಡಿ, ಸಿಗರೇಟಿನವರಿಗೆ ಬೇರೆ ಹೇಳಬೇಕಿಲ್ಲ. ನಿಕೋಟಿನ್ ಕೂಡ ನಿದ್ದೆಯನ್ನು ಓಡಿಸುವ ವಸ್ತುವೇ.

ಹೊಟ್ಟೆ ಬಿರಿಯ ತಿಂದು ತಕ್ಷಣ ಮಲಗಿದರೆ ಎದೆಯುರಿ ಬರುತ್ತದೆ, ನಿದ್ದೆ ಚೂರುಚೂರಾಗುತ್ತದೆ. ದೊಡ್ಡ ಊಟ ಮಗ್ರಿಬ್ ಹೊತ್ತಿಗೇ ಆಗಿ, ತರಾವೀಹ್ ನಂತರದ್ದು ಹಗುರವಾಗಿದ್ದರೆ ಒಳ್ಳೆಯದು. ಇಪ್ಪತ್ತು ರಕಅತ್ ನಿಂತು ಕೂತು ಮಾಡುವುದರಿಂದ ಊಟ ಕರಗಲಿಕ್ಕೂ ಸಹಾಯ. ಸಹರಿ ಉಂಡ ಕೂಡಲೇ ಅಡ್ಡಬೀಳಬಾರದು, ಸುಬ್‌ಹಿ ಮುಗಿಸಿ ಮಲಗಿದರೆ ಅಷ್ಟು ಅಂತರ ತಾನಾಗಿ ಸಿಗುತ್ತದೆ. ನೀರು ಮಗ್ರಿಬ್‌ನಿಂದ ಮಲಗುವವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಮಲಗುವ ಮೊದಲು ಒಂದೇ ಉಸಿರಿಗೆ ಒಂದು ಲೀಟರ್ ಇಳಿಸಿದರೆ ರಾತ್ರಿ ಎರಡು ಸಲ ಏಳಬೇಕಾದೀತು.

ರಸ್ತೆ

ತಲಪಾಡಿಯಿಂದ ಕಾಸರಗೋಡಿನ ಕಡೆ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥ. ದಾರಿ ಅಗಲವಾದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ತೂಕಡಿಕೆಗೆ ಕ್ಷಮೆ ಕಡಿಮೆ. 17 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವನ ಕೈ, ಕಣ್ಣು, ತೀರ್ಮಾನ ಎಲ್ಲವೂ ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವನಷ್ಟೇ ಮಂದವಾಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇಕಡಾ 0.03. ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟದವನು ಸಹರಿಗೆ ನಾಲ್ಕೂವರೆಗೆ ಎದ್ದು, ಹಗಲು ಮಲಗದೆ, ರಾತ್ರಿ ಒಂಬತ್ತೂವರೆ ದಾಟಿ ಮಂಗಳೂರಿನಿಂದ ಕಾರು ಓಡಿಸಿಕೊಂಡು ಬಂದರೆ ಅವನು ಅದೇ ಸ್ಥಿತಿಯಲ್ಲಿ ಸ್ಟಿಯರಿಂಗ್ ಹಿಡಿದಿರುತ್ತಾನೆ.

ಅಪಾಯದ ಹೊತ್ತು ಮೂರು. ಸುಬ್‌ಹಿ ಆಸುಪಾಸು, ಯಾಕೆಂದರೆ ಬೆಳಗಿನ ಜಾವ ನಾಲ್ಕು ಐದಕ್ಕೆ ದೇಹದ ಉಷ್ಣತೆ ದಿನದಲ್ಲೇ ಕಡಿಮೆ, ಎಚ್ಚರವೂ ಕಡಿಮೆ. ಮಧ್ಯಾಹ್ನ ಎರಡು ಮೂರು ಗಂಟೆ. ಮತ್ತು ಮಗ್ರಿಬ್‌ಗೆ ಮೊದಲಿನ ಅರ್ಧ ಗಂಟೆ. ಈ ಕೊನೆಯದರಲ್ಲಿ ನಿದ್ದೆಯ ಜೊತೆ ಆತುರವೂ ಸೇರಿಕೊಳ್ಳುತ್ತದೆ, ಮನೆಗೆ ಮುಟ್ಟಿಯೇ ನೋಂಬು ತೊರೆಯಬೇಕು ಅಂತ. ಬೈಕಿನ ಬಾಕ್ಸಿನಲ್ಲಿ, ಕಾರಿನಲ್ಲಿ ಮೂರು ಖರ್ಜೂರ, ಒಂದು ಬಾಟ್ಲಿ ನೀರು ಇದ್ದರೆ ಆತುರದ ಅಗತ್ಯವೇ ಇಲ್ಲ. ಬಾಂಗ್ ಕೇಳಿದಲ್ಲೇ ಬದಿಗೆ ನಿಲ್ಲಿಸಿ ತೊರೆಯಿರಿ. ಕಣ್ಣೆವೆ ಭಾರವಾಗುವುದು, ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಾಗದಿರುವುದು, ಇವು ಕಂಡರೆ ಕಿಟಕಿ ಇಳಿಸಿದರೆ, ಕುರ್‌ಆನ್ ಪಾರಾಯಣ ಹಚ್ಚಿದರೆ ಸಾಲದು. ನಿಲ್ಲಿಸಿ ಹದಿನೈದು ನಿಮಿಷ ಮಲಗಬೇಕು.

ತೂಕಡಿಕೆ ಮತ್ತು ಸಕ್ಕರೆ ಇಳಿಯುವುದು ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ ಎಂಬುದನ್ನು ಸಕ್ಕರೆ ಕಾಯಿಲೆಯವರ ಮನೆಯವರು ತಿಳಿದಿರಬೇಕು. ಬೆವರು, ಕೈ ನಡುಕ, ಎದೆ ಬಡಿತ, ಮಾತಿನಲ್ಲಿ ಗೊಂದಲ ಇದ್ದರೆ "ಮಲಗಲಿ ಬಿಡಿ" ಅಂತ ಬಿಡಬಾರದು. ಬೆರಳು ಚುಚ್ಚಿ ನೋಡಿದರೆ ನೋಂಬು ಮುರಿಯುವುದಿಲ್ಲ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಇದ್ದರೆ ಆ ಕೂಡಲೇ ನೋಂಬು ಬಿಡಬೇಕೆಂದು ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಮದ್ದಿನ ಹೊತ್ತು ಬದಲಿಸುವ ವಿಷಯ ರಮಝಾನ್‌ಗೆ ಆರೆಂಟು ವಾರ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಮುಗಿಸಿ.

ಕೆಲಸ ಕೊಡುವವರು, ಕೆಲಸ ಮಾಡುವವರು

ಸೌದಿಯ ಕಾರ್ಮಿಕ ಕಾನೂನಿನಲ್ಲಿ ರಮಝಾನ್‌ನಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ 6 ಗಂಟೆ, ವಾರಕ್ಕೆ 36 ಗಂಟೆ ಮಿತಿ ಇದೆ. ಯುಎಇಯಲ್ಲಿ ಎಲ್ಲ ನೌಕರರಿಗೂ ದಿನಕ್ಕೆ ಎರಡು ಗಂಟೆ ಕಡಿತ. ಗಲ್ಫಿನಲ್ಲಿರುವ ನಮ್ಮವರಿಗೆ ಇದು ಗೊತ್ತಿರುವ ವಿಷಯ, ಅಂಗಡಿ, ಹೋಟೆಲಿನಲ್ಲಿ ದುಡಿಯುವವರಿಗೆ ಅದು ಕೈಗೆ ಎಷ್ಟು ಸಿಗುತ್ತದೆ ಎಂಬುದೂ ಗೊತ್ತಿದೆ. ನಮ್ಮಲ್ಲಿ ಖಾಸಗಿ ಕೆಲಸದವರಿಗೆ ಅಂಥ ರಮಝಾನ್ ನಿಯಮ ಇಲ್ಲ. ಆದರೆ ಇರುವ ಕಾನೂನೂ ಕಡಿಮೆಯದ್ದಲ್ಲ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1960ರದ್ದು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ, ನಾಲ್ಕು ಗಂಟೆ ದುಡಿದ ಮೇಲೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು ಎನ್ನುತ್ತದೆ. ಬಿಸಿಲಿನಲ್ಲಿ ದುಡಿಯುವವರಿಗೆ ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕಡ್ಡಾಯ ಮಾಡುತ್ತದೆ. 2025ರಲ್ಲಿ ಅದು ಫೆಬ್ರವರಿ 11ರಿಂದ ಮೇ 10ರವರೆಗೆ ಇತ್ತು. ಕಟ್ಟಡ, ರಸ್ತೆ ಕೆಲಸದ ನೋಂಬುಗಾರರಿಗೆ ಳುಹರ್ ಮತ್ತು ಕೈಲೂಲ ಎರಡಕ್ಕೂ ಇದು ಸರಿಹೊಂದುವ ಸಮಯ.

ಬಟ್ಟೆ, ಚಪ್ಪಲಿ, ಫ್ಯಾನ್ಸಿ ಅಂಗಡಿಯ ನಮ್ಮಂಥವರು ಇಲ್ಲಿ ಒಂದು ಮಾತು ಕೇಳಿಸಿಕೊಳ್ಳಬೇಕು. ಪೆರ್ನಾಲ್ ವ್ಯಾಪಾರದ ಹೆಸರಲ್ಲಿ ಕೆಲಸದ ಹುಡುಗರನ್ನು ಬೆಳಗ್ಗೆ ಹತ್ತರಿಂದ ರಾತ್ರಿ ಹನ್ನೆರಡರವರೆಗೆ ನಿಲ್ಲಿಸುತ್ತೇವೆ. ಮಾಲೀಕ ಸುಬ್‌ಹಿ ನಂತರ ಮಲಗಿ ಹನ್ನೊಂದಕ್ಕೆ ಬರಬಹುದು, ಹುಡುಗ ಬರುವ ಹಾಗಿಲ್ಲ. ಗಿರಾಕಿ ಹೇಗೂ ಬರುವುದು ಅಸರ್ ನಂತರ ಮತ್ತು ತರಾವೀಹ್ ನಂತರ. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಅಂಗಡಿಯಲ್ಲಿ ಫ್ಯಾನ್ ತಿರುಗುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಅರ್ಧ ಜನರನ್ನು ಆ ಹೊತ್ತಿಗೆ ಮನೆಗೆ ಕಳಿಸಿ, ಇಲ್ಲವೇ ಸರದಿಯಲ್ಲಿ ಬರಲು ಹೇಳಿ, ಒಬ್ಬರು ಹತ್ತರಿಂದ, ಇನ್ನೊಬ್ಬರು ಎರಡರಿಂದ. ನಿದ್ದೆ ಮಾಡಿದ ಹುಡುಗ ಚಿಲ್ಲರೆ ತಪ್ಪು ಕೊಡುವುದಿಲ್ಲ, ಸೈಝು ಅದಲು ಬದಲು ಮಾಡುವುದಿಲ್ಲ. ಬರೀ ಲಾಭದ ಲೆಕ್ಕ ನೋಡಿದರೂ ಇದು ನಷ್ಟದ ವ್ಯವಹಾರ ಅಲ್ಲ.

ಲೆಕ್ಕಪತ್ರದ ಕೆಲಸವನ್ನು ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ ಮುಗಿಸುವುದು ಜಾಣತನ. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಕು ನೋಂಬಿಗೆ ಕಾಯುವುದಿಲ್ಲ. ಮಾರ್ಚ್ ಆದರೆ ವರ್ಷಾಂತ್ಯದ ಸ್ಟಾಕ್ ಎಣಿಕೆಯೂ ಜೊತೆಗೇ ಬರುತ್ತದೆ. ತಲೆ ಓಡುವ ಕೆಲಸ ಬೆಳಗ್ಗೆ, ಕೈ ಓಡುವ ಕೆಲಸ ಮಧ್ಯಾಹ್ನ, ಬಾಯಿ ಓಡುವ ಕೆಲಸ ಅಸರ್ ನಂತರ. ಪರೀಕ್ಷೆಗೆ ಓದುವ ಮಕ್ಕಳಿಗೂ ಹೀಗೆಯೇ. ಮಾರ್ಚ್ ತಿಂಗಳ ಪರೀಕ್ಷೆ ನೋಂಬಿನಲ್ಲಿ ಬಂದರೆ ತರಾವೀಹ್ ನಂತರ ಒಂದು ಗಂಟೆಯವರೆಗೆ ಕೂತು ಓದುವುದಕ್ಕಿಂತ ಹತ್ತಕ್ಕೆ ಮಲಗಿ, ಸುಬ್‌ಹಿ ನಂತರದ ಒಂದೂವರೆ ಗಂಟೆ ಓದಿದರೆ ತಲೆಯಲ್ಲಿ ನಿಲ್ಲುತ್ತದೆ. ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದ ಮೇಲೆ ಮಲಗಲಿ.

ಕೊನೆಯ ಹತ್ತು

ಒಂದು ಕಡೆ ಲೈಲತುಲ್ ಖದ್ರ್‌ನ ಒಂಟಿ ರಾತ್ರಿಗಳು, ಇನ್ನೊಂದು ಕಡೆ ಪೆರ್ನಾಲ್ ವ್ಯಾಪಾರ. ನಿದ್ದೆಯ ಬಾಕಿ ಅತಿ ಹೆಚ್ಚು ಏರುವ ದಿನಗಳು ಇವು. ಪೇಟೆಯ ಕೆಲವು ಮಸೀದಿಗಳಲ್ಲಿ ವ್ಯಾಪಾರಸ್ಥರಿಗಾಗಿ ತಡವಾಗಿ ಇನ್ನೊಂದು ತರಾವೀಹ್ ಜಮಾಅತ್ ನಡೆಯುತ್ತದೆ. ತರಾವೀಹ್‌ನ ಸಮಯ ಇಶಾದಿಂದ ಸುಬ್‌ಹಿಯವರೆಗೆ ಇರುವುದರಿಂದ ಮನೆಯಲ್ಲಿಯೂ ನಿರ್ವಹಿಸಬಹುದು.

ರಾತ್ರಿ ಇಡೀ ಎಚ್ಚರವಿದ್ದು ಹಗಲು ಕೆಲಸ ಮಾಡುವುದು ಹತ್ತು ದಿನ ನಡೆಯುವ ಮಾತಲ್ಲ. ತಹಜ್ಜುದ್ ಅಂದರೇನೇ ಮಲಗಿ ಎದ್ದು ಮಾಡುವ ನಮಾಝ್. ಹಾಗಾಗಿ ಮೊದಲು ಮಲಗುವುದು ಇಬಾದತ್ತಿಗೆ ಅಡ್ಡಿ ಅಲ್ಲ, ಅದರ ಭಾಗವೇ. ಹತ್ತೂವರೆಗೆ ಮಲಗಿ ಮೂರಕ್ಕೆ ಎದ್ದರೆ ಮೂರು ಸುತ್ತು ನಿದ್ದೆ ಆಯಿತು, ಸುಬ್‌ಹಿವರೆಗೆ ಎರಡೂವರೆ ಗಂಟೆ ಇಬಾದತ್ತಿಗೂ ಸಹರಿಗೂ ಸಿಕ್ಕಿತು. ಸುಬ್‌ಹಿ ನಂತರ ಒಂದು ಸುತ್ತು, ಮಧ್ಯಾಹ್ನ ಇಪ್ಪತ್ತು ನಿಮಿಷ. ಪೂರ್ತಿ ರಾತ್ರಿ ಮಸೀದಿಯಲ್ಲಿ ಕಳೆಯಬೇಕು ಅಂತ ನಿರ್ಧರಿಸಿದ 27ನೇ ರಾತ್ರಿಯ ಮರುದಿನ ದೂರ ಪ್ರಯಾಣ, ಯಂತ್ರದ ಕೆಲಸ, ದೊಡ್ಡ ಮೊತ್ತದ ವ್ಯವಹಾರ ಇಟ್ಟುಕೊಳ್ಳಬೇಡಿ. ಸಾಧ್ಯವಿದ್ದರೆ ಅದರ ಹಿಂದಿನ ದಿನವೇ ಒಂದೂವರೆ ಗಂಟೆ ಜಾಸ್ತಿ ಮಲಗಿ.

ಮಲಗುವ ಕೋಣೆಯ ಬೆಳಕಿನ ವಿಷಯ ಚಿಕ್ಕದಾಗಿ ಕಂಡರೂ ಕೆಲಸ ಮಾಡುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲೆಯಲ್ಲಿ ಏರುತ್ತದೆ, ಬೆಳಕಿನಲ್ಲಿ ಇಳಿಯುತ್ತದೆ. ಮೊಬೈಲನ್ನು ಕೈಗೆಟುಕದಷ್ಟು ದೂರ ಇಟ್ಟರೆ ಎರಡು ಲಾಭ, ರಾತ್ರಿ ತಿಕ್ಕುವುದು ತಪ್ಪುತ್ತದೆ, ಸಹರಿಯ ಅಲಾರಂ ನಿಲ್ಲಿಸಲಿಕ್ಕೆ ಎದ್ದು ನಡೆಯಲೇಬೇಕಾಗುತ್ತದೆ. ಸುಬ್‌ಹಿ ನಂತರ ಮಲಗುವವರು ಕಿಟಕಿ ಪರದೆ ಎಳೆಯಬೇಕು. ಎದ್ದ ಮೇಲೆ ಹತ್ತು ನಿಮಿಷ ಅಂಗಳದ ಬಿಸಿಲಿನಲ್ಲಿ ನಿಂತರೆ ದೇಹದ ಗಡಿಯಾರಕ್ಕೆ ಬೆಳಗಾಯಿತು ಅಂತ ತಿಳಿಯುತ್ತದೆ.

ಪೆರ್ನಾಲ್ ಹಿಂದಿನ ರಾತ್ರಿ ಚಂದ್ರ ಕಂಡದ್ದೇ ತಡ, ಅಂಗಡಿಗಳು ಎರಡು ಮೂರು ಗಂಟೆಯವರೆಗೆ ತೆರೆದಿರುತ್ತವೆ. ಅಲ್ಲಿಂದ ಸುಬ್‌ಹಿ, ಈದ್ ನಮಾಝ್, ಊಟ, ಮತ್ತೆ ಕುಟುಂಬದವರನ್ನು ಕಾರಿನಲ್ಲಿ ತುಂಬಿಸಿಕೊಂಡು ಸಂಬಂಧಿಕರ ಮನೆಗೆ. ಅಂಗಡಿಯಲ್ಲಿದ್ದವನೇ ಕಾರು ಓಡಿಸುವುದಾದರೆ ಈದ್ ನಮಾಝ್ ನಂತರ ಒಂದೂವರೆ ಗಂಟೆ ಮಲಗಿ ಹೊರಡಲಿ, ಅಥವಾ ರಾತ್ರಿ ಮಲಗಿದ ಬೇರೊಬ್ಬರ ಕೈಗೆ ಕೀ ಕೊಡಲಿ. ಮಲಗುವ ಹೊತ್ತನ್ನು ಹಳೆಯ ದಾರಿಗೆ ತರಲು ಅವಸರ ಬೇಡ, ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಂದೆ ತಂದರೆ ಒಂದು ವಾರದಲ್ಲಿ ಸರಿಯಾಗುತ್ತದೆ. ಶವ್ವಾಲ್‌ನ ಆರು ನೋಂಬು ಹಿಡಿಯುವವರು ಸಹರಿಯ ಅಲಾರಂ ಅಳಿಸುವುದು ಬೇಡ.